ಬದುವಿನ ಪಕ್ಕದ ಹಿಪ್ಪುನೇರಳೆ

ಸುಗಟೂರು
11 ಫೆಬ್ರವರಿ 2025

ಪ್ರೀತಿಯ ತಂಗಿ ಸುನಂದಾ,

ಹೇಗಿದ್ದೀಯಮ್ಮ? ಚಳಿಗೆ ಬರುವ ನಿನ್ನ ಕೆಮ್ಮು ಕಡಿಮೆಯಾಯಿತೇ? ನಿನ್ನ ಅತ್ತೆ ದೊಡ್ಡಗಂಗಮ್ಮನವರ ಮಂಡಿನೋವು ಹೇಗಿದೆ? ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತು ಎನ್ನಲು ನನಗೂ ಮುಖವಿಲ್ಲ. ಅದಕ್ಕೇ ಈ ಕಾಗದ.

ಇಲ್ಲಿ ಚಳಿ ಹೋಗುತ್ತಿದೆ, ಕೆಲಸ ಬೆನ್ನು ಹತ್ತಿದೆ. ಅವರೆ ಗಿಡ ಕಿತ್ತು ದನಕ್ಕೆ ಹಾಕಿದೆವು. ನಿನ್ನ ಅತ್ತಿಗೆ ಆದಿಲಕ್ಷ್ಮಿ ಹಿತ್ತಲಲ್ಲಿ ಸೋರೆ, ಹೀರೆ ಬೀಜ ಊರಿದ್ದಾಳೆ. ನೀನಿದ್ದಿದ್ದರೆ ಪಾತಿ ಚಿಕ್ಕದಾಯಿತೆಂದು ಅವಳ ತಲೆ ತಿನ್ನುತ್ತಿದ್ದೆ, ಕೋಳಿಗಳಿಗೂ ನೆಮ್ಮದಿ ಇರುತ್ತಿರಲಿಲ್ಲ. ಹಿಪ್ಪುನೇರಳೆಯನ್ನು ಬುಡಕ್ಕೆ ಕತ್ತರಿಸಿ ಗೊಬ್ಬರ ಕೊಟ್ಟಿದ್ದೇನೆ. ಬೇಸಿಗೆ ಟೊಮೇಟೊ ಸಸಿ ಬಂದಿದೆ, ನಾಳೆ ನಾಟಿ. ಈ ಸಲ ಬದುವಿನ ಪಕ್ಕ, ಹಿಪ್ಪುನೇರಳೆಯ ಕಡೆಗೆ, ಆರು ಸಾಲಿನಷ್ಟು ಜಾಗಕ್ಕೆ ಟೊಮೇಟೊ ಬದಲು ಮುಸುಕಿನ ಜೋಳ ಹಾಕುತ್ತೇನೆ. ಆಳುಗಳು ಯಾಕೆಂದು ಕೇಳಿದರು, ಮಾತು ಮರೆಸಿದೆ.

ಹೋದ ವರ್ಷ ಇದೇ ತಿಂಗಳು ನಮ್ಮ ರೇಷ್ಮೆ ಹುಳುವಿಗೆ ಸೊಪ್ಪು ಹಾಕಲು ನೀನು ನೆರವಿಗೆ ಬಂದಿದ್ದೆ. ಗೂಡು ಕಟ್ಟಲು ಇನ್ನು ಮೂರೇ ದಿನ ಎನ್ನುವಾಗ ಹುಳುಗಳೆಲ್ಲ ಒಂದೇ ಸಂಜೆಗೆ ಹಸಿರು ಕಕ್ಕಿ ಸತ್ತವು. ನೀನು ಹುಳುವಿನ ತಟ್ಟೆ ಹಿಡಿದುಕೊಂಡು ಅಳುತ್ತಿದ್ದೆ. ನಿನ್ನನ್ನು ಕರೆದೊಯ್ಯಲು ಬಂದಿದ್ದ ಅತ್ತೆಯವರ ಎದುರಿಗೇ, "ಮುಟ್ಟಾಗಿ ಹುಳುಮನೆಗೆ ಹೋಗಿದ್ದೀಯ, ಅದಕ್ಕೇ ಹಿಂಗಾಗಿದ್ದು" ಅಂದುಬಿಟ್ಟೆ. ನೀನು ತಟ್ಟೆ ಕೆಳಗಿಟ್ಟು ಅತ್ತೆಯವರ ಹಿಂದೆ ಹೊರಟುಹೋದೆ. ಆಮೇಲೆ ತವರಿಗೆ ಕಾಲಿಟ್ಟಿಲ್ಲ.

ಹೋದ ವಾರ ಆದಿಲಕ್ಷ್ಮಿ ನಿಮ್ಮೂರಿಗೆ ನಾಮಕರಣಕ್ಕೆ ಬಂದಿದ್ದಳಲ್ಲ, ಕಂಡದ್ದನ್ನು ಹೇಳಿದಳು. ನನ್ನ ಆ ಮಾತು ಹಿಡಿದು ಅತ್ತೆಯವರು ನಿಮ್ಮ ಹುಳುಮನೆಯೊಳಗೆ ನಿನ್ನನ್ನು ಈಗಲೂ ಬಿಡುವುದಿಲ್ಲವಂತೆ. ಸೊಪ್ಪಿನ ಹೊರೆ ಹೊತ್ತು ತಂದು ಬಾಗಿಲಾಚೆ ನಿಂತು ಕೊಡುತ್ತೀಯಂತೆ. ಎಂಟು ವರ್ಷದವಳಿದ್ದಾಗಿನಿಂದ ಹುಳು ಸಾಕಿದವಳು ನೀನು. ಇದನ್ನು ಕೇಳಿದಾಗಿನಿಂದ ನಾಚಿಕೆಯಾಗುತ್ತಿದೆ ಸುನಂದಾ.

ನೀನೂ ಮುನಿಕೃಷ್ಣನವರೂ ಮಕ್ಕಳೂ ಚೆನ್ನಾಗಿರಿ. ಅತ್ತೆಯವರಿಗೆ ನನ್ನ ನಮಸ್ಕಾರ ಹೇಳು.

ನಿನ್ನ ಅಣ್ಣ,
ಚನ್ನರಾಯಪ್ಪ

ತಾ.ಕ.: ಲಕೋಟೆ ಅಂಟಿಸಿದವನು ಮತ್ತೆ ಬಿಚ್ಚಿದೆ. ಹುಳು ಸತ್ತದ್ದು ನನ್ನಿಂದ. ಅವತ್ತು ಬೆಳಿಗ್ಗೆ ಬದುವಿನ ಪಕ್ಕದ ಟೊಮೇಟೊಗೆ ಔಷಧಿ ಹೊಡೆದಿದ್ದೆ, ಗಾಳಿ ಹಿಪ್ಪುನೇರಳೆಯ ಕಡೆಗಿತ್ತು. "ಔಷಧಿ ಹೊಡೆಯೋ ದಿನ ಒಂದು ಮಾತು ಹೇಳಣ್ಣ, ಆ ಕಡೆ ಸೊಪ್ಪು ಕೊಯ್ಯಲ್ಲ" ಅಂತ ನೀನು ಎಷ್ಟು ಸಲ ಹೇಳಿದ್ದೆ. ನಾನು ಹೇಳಲು ಮರೆತೆ, ನೀನು ಅದೇ ಸೊಪ್ಪು ಕೊಯ್ದು ತಂದೆ. ಹುಳು ಹಸಿರು ಕಕ್ಕಿದಾಗಲೇ ನನಗೆ ತಿಳಿಯಿತು. ತಿಳಿದ ಮೇಲೆಯೇ ನಿನ್ನ ಮೇಲೆ ಹಾಕಿದೆ. ಭಾನುವಾರ ಮೊದಲ ಬಸ್ಸಿಗೆ ಬಂದು ಅತ್ತೆಯವರ ಮುಂದೆ ಇದನ್ನೇ ಹೇಳುತ್ತೇನೆ. ನನ್ನನ್ನು ಒಳಗೆ ಕರೆಯಬೇಡ. ಅವರು ನಿನ್ನನ್ನು ಹುಳುಮನೆಯೊಳಗೆ ಕರೆಯುವವರೆಗೆ ನಾನೂ ಬಾಗಿಲಾಚೆಯೇ ನಿಂತಿರುತ್ತೇನೆ.