ಬೀರಮ್ಮನ ಮನೆನುಡಿ

ಕ್ರಿ.ಶ. ೨೨೭೪, ಕಟ್ಟೆಯ ಬಾಗಿಲು ಒಡೆದ ಒಂಬತ್ತನೆಯ ದಿನ
ಅಘನಾಶಿನಿಯ ಅಳಿವೆ

ಮಾನ್ಯ ವೈಜಯಂತಿ ಅಮ್ಮನವರಿಗೆ,

ನೀವು ಬದುಕಿದ್ದ ಕಾಲಕ್ಕೆ ಈ ಪತ್ರ ತಲುಪಲಾರದೆಂದು ಗೊತ್ತು. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನೀವು ನಮ್ಮ ಕಟ್ಟೆಬಾಗಿಲಿನ ಕೋಡ್ ಬರೆದಿಟ್ಟ ಬ್ಲಾಕ್‌ಚೈನ್‌ನಲ್ಲೇ, ಯಾರೂ ಅಳಿಸಲಾಗದ ಆ ಸಾರ್ವಜನಿಕ ದಾಖಲೆಯಲ್ಲೇ, ಇದನ್ನೂ ಬರೆಯುತ್ತಿದ್ದೇನೆ. ಅಲ್ಲಿ ಬರೆಯಲು ಇಂದಿಗೂ ಯಾರ ಅಪ್ಪಣೆಯೂ ಬೇಕಿಲ್ಲ.

ನಮ್ಮ ಗಜನಿಗೆ, ಅಂದರೆ ಉಪ್ಪುನೀರಿನ ಅಂಚಿನ ಗದ್ದೆಗಳಿಗೆ, ಒಂದು ಕಟ್ಟೆ, ಅದಕ್ಕೊಂದೇ ಬಾಗಿಲು. ಮಳೆನೀರು ಹೊರಬಿಡಲು ತೆಗೆಯಬೇಕು, ಸಮುದ್ರ ಉಕ್ಕುವ ಭರತಕ್ಕೆ ಮೊದಲು ಮುಚ್ಚಬೇಕು. ಯಾವ ದೊಡ್ಡ ಮನುಷ್ಯನೂ ಅದನ್ನು ಕೈವಶ ಮಾಡಿಕೊಳ್ಳಬಾರದೆಂದು ನೀವು ಹತ್ತು ಮನೆಗಳಿಗೆ ಒಪ್ಪಿಸಿದಿರಿ. ಆರು ಮನೆ ಹೂಂ ಅಂದರೆ ಮಾತ್ರ ತೆರೆಯುತ್ತದೆ. ಆಮೇಲೆ ಕೋಡು ತಿದ್ದುವ ನಿಮ್ಮ ಕೀಲಿಯನ್ನೇ ನಾಶಮಾಡಿದಿರಿ. "ಇನ್ನು ಇದನ್ನು ನಾನೂ ತಿದ್ದಲಾರೆ" ಎಂದು ಕೋಡಿನ ಪಕ್ಕ ನೀವು ಬರೆದ ಸಾಲನ್ನು ಚಿಕ್ಕಂದಿನಲ್ಲಿ ಓದಿ ಎಷ್ಟು ಹೆಮ್ಮೆಪಟ್ಟಿದ್ದೆ!

ಹೂಂ ಅನ್ನಲು ಪ್ರತಿ ಮನೆಗೂ ಹನ್ನೆರಡು ಗುಟ್ಟಿನ ಶಬ್ದಗಳಿವೆ, ನಾವದನ್ನು ಮನೆನುಡಿ ಅನ್ನುತ್ತೇವೆ. ಬರೆದಿಡುವಂತಿಲ್ಲ. ಪ್ರಾಣ ಹೋಗುವ ಹೊತ್ತಿಗೆ ಹಿರಿಯರು ಮುಂದಿನವರ ಕಿವಿಯಲ್ಲಿ ಹೇಳಬೇಕು. ಈ ಕಟ್ಟಳೆ ನಿಮ್ಮದಲ್ಲ, ಜಂಬಕ್ಕೆ ನಾವೇ ಮಾಡಿಕೊಂಡದ್ದು. ಒಬ್ಬರು ದೋಣಿ ಮಗುಚಿ ಹೋದರು, ಇನ್ನೊಬ್ಬರು ನಿದ್ದೆಯಲ್ಲೇ ಹೋದರು. ಹೀಗೆ ನಾಲ್ಕು ಮನೆ ಮೂಕವಾದವು. ಉಳಿದ ಆರರಲ್ಲಿ ನಮ್ಮದೊಂದು. ಅದರ ನುಡಿ ನನ್ನ ಹೆತ್ತ ಅವ್ವಿ ಬೀರಮ್ಮನ ತಲೆಯಲ್ಲಿತ್ತು. ಅವಳಿಗೆ ಮರೆವು ಹಿಡಿಯಿತು. ಐದು ಶಬ್ದ ಸಿಕ್ಕವು, ಏಳು ಅವಳ ಜೊತೆಗೇ ಹೋದವು.

ಮಳೆ ಬಂತು, ಬಾಗಿಲು ತೆರೆಯಲಿಲ್ಲ. ನಿಮ್ಮ ಕೋಡನ್ನು ಯಾರು ಬೇಕಾದರೂ ಓದಬಹುದು, ಹೊಸದನ್ನೂ ಬರೆಯಬಹುದು. ಎರಡೇ ದಿನದಲ್ಲಿ ಬರೆದೆವು. ಆದರೆ ಬಾಗಿಲಿನ ಯಂತ್ರ ನಿಮ್ಮದನ್ನು ಬಿಟ್ಟು ಬೇರೆ ಯಾವುದನ್ನೂ ಕೇಳುವುದಿಲ್ಲ. ಪೈರು ನೀರಲ್ಲಿ ಕೊಳೆಯಿತು. ಹಾರೆ ಹಿಡಿದು ಒಡೆದೆವು. ಒಡೆದ ಬಾಗಿಲು ಮುಚ್ಚುವುದಿಲ್ಲವಲ್ಲ, ಸಮುದ್ರ ಒಳಬಂದಿದೆ. ನಾಳೆ ಊರು ಬಿಡುತ್ತಿದ್ದೇವೆ.

ನಿಮ್ಮ ಮೇಲೆ ಸಿಟ್ಟಿಲ್ಲ. ಕೇಳಿಕೊಳ್ಳುವುದಿಷ್ಟೇ: ಸತ್ತವರ ಜಾಗಕ್ಕೆ ಇನ್ನೊಬ್ಬರನ್ನು ಸೇರಿಸಲು ಉಳಿದವರಿಗೆ ಒಂದು ದಾರಿ ಇಡಿ. ನಾವು ಸಾಯುವವರು ಎಂಬುದನ್ನೂ ಕೋಡಿನಲ್ಲಿ ಬರೆಯಿರಿ.

ಊರಲ್ಲಿ ಯಾರಿಗೂ ಹೇಳದ ಮಾತೊಂದಿದೆ. ನಾಲ್ಕು ತಿಂಗಳು ಅವ್ವಿಯ ಹಾಸಿಗೆ ಪಕ್ಕ ಕೂತು ಶಬ್ದವನ್ನಷ್ಟೇ ಕೇಳಿದೆ, ಗದರಿದೆ ಕೂಡ. ಒಂದು ಮಧ್ಯಾಹ್ನ ಅವಳು ನನ್ನ ಮುಖ ನೋಡಿ, ಗುರುತು ಹಿಡಿದು, "ಅದ ಬಿಡೆ ಮಗಾ, ನೀ ಉಂಡ್ಯೇನೆ?" ಅಂದಳು. ನಾನು "ಮುಂದಿನ ಶಬ್ದ ಹೇಳೇ ಅವ್ವಿ" ಅಂದೆ.

ನಾನು ಉಂಡೆನೇ ಎಂದು ಕೇಳಿದ್ದೇ ಅವಳ ಕೊನೆಯ ಮಾತು.

ಇಂತಿ,
ಮಂಕಾಳಿ