ಎಡಗಡೆ ಇನ್ನೊಂಚೂರು

ರೀ,

ತಮ್ಮನ ಹೋಟೆಲಿಗೆ ಹೊರಟೆ. ನಾಳೆಯೇ ಶುರುವಾಗಬೇಕು, ಪಾತ್ರೆಗಳೆಲ್ಲ ಇನ್ನೂ ಡಬ್ಬದಲ್ಲೇ ಇವೆಯಂತೆ. ಊಟ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೊಳ್ಳಿ.

ಶೆಡ್ಡಿಗೆ ಹೋಗಬೇಡಿ. ಹೋದರೂ ಪ್ರಯೋಜನವಿಲ್ಲ, ಸಾಣೆ ಮೆಷಿನ್ನಿನ ಬೆಲ್ಟು ನನ್ನ ಬ್ಯಾಗಿನಲ್ಲಿದೆ.

ಅವನಿಗೆ ಉಡುಗೊರೆ ಕೊಡಲು ನೀವು ಶುರು ಮಾಡಿದ್ದು ಮಾಂಸ ಕಡಿಯುವ ಕತ್ತಿ. ಶೆಡ್ಡಿನ ಮೇಜಿನ ಮೇಲೆ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ, "ಎಡಕ್ಕೆ ವಾಲ್ತಿದೆ ಕಣೇ, ಎಡಗಡೆ ಇನ್ನೊಂಚೂರು" ಅಂದಿರಿ. ಉಜ್ಜಿ ಉಜ್ಜಿ ತರಕಾರಿ ಚಾಕುವಾಯಿತು. ಮತ್ತೆ ನಿಲ್ಲಿಸಿದಿರಿ, ಮತ್ತೆ ಉಜ್ಜಿದಿರಿ, ಹಣ್ಣಿನ ಚಾಕುವಾಯಿತು. ಹಿಡಿ ಮಾತ್ರ ಕತ್ತಿಯದೇ. ಮೂಗಿಗಿಂತ ಮೂಗುತಿ ಭಾರ.

ಪ್ರತಿ ಸಲವೂ ನಾನು ಫೋನ್ ಮಾಡಿ ತಿಳಿಸುವುದು, ಅವನು ಪಾಪ ಹೋಟೆಲಿನ ಅಡುಗೆಯನ್ನೇ ಬದಲಿಸುವುದು. ನಿನ್ನೆ ಅಂದ: "ಅಕ್ಕಾ, ಭಾವ ಇನ್ನೊಂದ್ಸಲ ಉಜ್ಜಿದ್ರೆ ನಾನು ಬರೀ ಜ್ಯೂಸ್ ಅಂಗಡಿ ಇಡ್ಬೇಕಾಗತ್ತೆ."

ಅದಕ್ಕೇ ಉಳಿದಿರುವಷ್ಟನ್ನು ಕಾಗದದಲ್ಲಿ ಸುತ್ತಿ ಒಯ್ಯುತ್ತಿದ್ದೇನೆ. ಹರಿತವೇನೋ ಚೆನ್ನಾಗಿಯೇ ಬಂದಿದೆ. ನಿಮ್ಮ ಕೈಯ ಮೊದಲ ಚಾಕು ಅಂತ ನಾಲ್ಕು ಜನರಿಗೆ ಹೇಳುತ್ತೇನೆ, ಆ ಯೋಚನೆ ಬೇಡ.

ಇನ್ನೊಂದು ವಿಷಯ. ಬೆಳಿಗ್ಗೆ ಬೆಲ್ಟು ಬಿಚ್ಚುವಾಗ ನಿಮ್ಮ ಪೆನ್ಸಿಲನ್ನು ಆ ಮೇಜಿನ ಮೇಲಿಟ್ಟೆ. ಅದು ತಾನಾಗಿಯೇ ಎಡಕ್ಕೆ ಉರುಳಿ ಬಿತ್ತು. ಎತ್ತಿಟ್ಟೆ, ಮತ್ತೆ ಬಿತ್ತು. ಕತ್ತಿ ಯಾವತ್ತೂ ವಾಲಿರಲಿಲ್ಲ ಕಣ್ರೀ. ವಾಲಿದ್ದು ಮೇಜು.

ಇದನ್ನು ಹೇಳಲೋ ಬೇಡವೋ ಅಂತ ಬಹಳ ಹೊತ್ತು ಯೋಚಿಸಿದೆ. ನಾನು ಬರುವಷ್ಟರಲ್ಲಿ ಮೇಜು ಮಣೆಯಾಗಿರಬಾರದು ಅಂತ ಗರಗಸವನ್ನೂ ತೆಗೆದುಕೊಂಡು ಹೋಗುತ್ತಿದ್ದೇನೆ.