ಕೀಲು ಕೂರಿಸಲು ಬರುವವರ ವಿಷಯ

ಮಗು ನಿಸರ್ಗ,

ನೀನು ಏಳುವ ಹೊತ್ತಿಗೆ ನಾನು ಪ್ರವಚನಕ್ಕೆಂದು ಚನ್ನರಾಯಪಟ್ಟಣದ ಬಸ್ಸಿನಲ್ಲಿರುತ್ತೇನೆ. ನಿನ್ನ ಅಜ್ಜಿ ಬೆಟ್ಟಮ್ಮನವರು ಕೀಲು ಎಳೆದು ಕೂರಿಸುವವರೊಬ್ಬರನ್ನು ಹಳೇಕೋಟೆಯಿಂದ ಕರೆಸಿದ್ದಾರೆ. ಹತ್ತು ಗಂಟೆಗೆ ಬರುತ್ತಾರೆ. ಬಂದವರಿಗೆ ಕಾಫಿ ಕೊಡು, ಕಾಲು ಕೊಡಬೇಡ.

ನಿನ್ನೆ ಹಾಸನದಲ್ಲಿ ಫಿಸಿಯೋಥೆರಪಿಯ ಡಾಕ್ಟರಮ್ಮ ನಿನ್ನ ಹೆಬ್ಬೆರಳನ್ನು ಮುಂಗೈಗೆ ಮುಟ್ಟಿಸಿ, ಒಂಟಿಕಾಲಿನಲ್ಲಿ ನಿಲ್ಲಿಸಿ ನೋಡಿ ಹೇಳಿದ್ದು ನೆನಪಿರಲಿ: ನಿನ್ನ ಸೊಂಟದ ಕೀಲು ಲಟಕ್ಕೆನ್ನುವುದು ಬಿಗಿತದಿಂದಲ್ಲ, ಹುಟ್ಟಿನಿಂದ ಬಂದ ಸಡಿಲದಿಂದ. ಅದನ್ನು ಎಳೆಯಬಾರದು, ಸುತ್ತಲಿನ ಸ್ನಾಯುಗಳನ್ನು ಬಲಪಡಿಸಬೇಕು. ಎಳೆಸಿಕೊಂಡರೆ ನೋವು ಹೆಚ್ಚಿ, ಈ ವರ್ಷದ ಭರತನಾಟ್ಯದ ಪರೀಕ್ಷೆ ಕೈತಪ್ಪೀತು.

ಸಂಜೆ ಇದನ್ನೇ ನಿನ್ನ ಅಜ್ಜಿಗೆ ಸವಿಸ್ತಾರವಾಗಿ ವಿವರಿಸಿದೆ. "ನಿಮ್ ಪುರಾಣ ಚನ್ರಾಯಪಟ್ಣದಾಗೆ ಏಳ್ಕಳಿ. ಲಟಕ್ ಅಂದ್ರೆ ಕೀಲು ಜಾರೈತೆ ಅಂತ್ಲೇ ಕಣ್ರೀ!" ಎಂದು ಸಾರಿಗೆ ಸೌಟು ಹಾಕಿದರು. ನನ್ನ ಪ್ರವಚನ ಅಲ್ಲಿಗೆ ಮುಗಿಯಿತು.

ಗೋಡೆ ಹಿಡಿದು ಮಾಡುವ ವ್ಯಾಯಾಮವನ್ನು ತಪ್ಪಿಸಬೇಡ. ಪಾರಾಯಣಕ್ಕೆ ಪದ್ಮಾಸನವೂ ಬೇಡ; ದೇವರ ಮನೆಯಲ್ಲಿ ಕುರ್ಚಿ ಇಟ್ಟಿದ್ದೇನೆ. ಭಗವಂತನಿಗೆ ನಿನ್ನ ಕಂಠ ಸಾಕು, ಮಂಡಿ ಮಡಚೆಂದು ಅವನು ಕೇಳಿಲ್ಲ. ಗೆಳತಿಯರೆದುರು ಕಾಲನ್ನು ಕತ್ತಿನ ಹಿಂದಿಟ್ಟು ತೋರಿಸುವ ಲೀಲೆಗೆ ಇಂದಿನಿಂದ ಮಂಗಳ ಹಾಡು.

ಹಿರಿಯರಿಗೆ 'ಬೇಡ' ಎನ್ನುವುದು ಅವಿನಯವೆಂದು ಅಳುಕಬೇಡ. ಕೈಮುಗಿದು ಹೇಳಿದರೆ ಅದೂ ವಿನಯವೇ. ಅಜ್ಜಿ ಮುನಿದರೆ ನನ್ನ ಹೆಸರು ಹೇಳು. ಮರಳಿ ಬಂದು ನಾನೇ ಬೈಸಿಕೊಳ್ಳುತ್ತೇನೆ. ಆ ಶಾಸ್ತ್ರವನ್ನು ಮದುವೆಯಾದಂದಿನಿಂದ ಒಂದು ದಿನವೂ ತಪ್ಪದೆ ಅಭ್ಯಾಸ ಮಾಡಿದ್ದೇನೆ.

— ತಾತ